ಪೆನ್ಶನ್ ಬಂದ ಮೇಲೆ ಕಾರ್ಯಪ್ಪ ಸಾಹೇಬರು ಏನು ಮಾಡಿದರು?

ಸಂಕ್ರಮಣ ಬಂತಂದ್ರೆ ನಮ್ಮ ಕಡೆ ಸಜ್ಜಿ ರೊಟ್ಟಿ, ಬದನಿಕಾಯಿ ಎಣಗಾಯಿ, ಮಾದಲಿ. ಕೃಷ್ಣಾ ದಂಡಿಗೆ, ಘಟಪ್ರಭಾ ದಂಡಿಗೆ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್. ಈ ಗದ್ದಲದಾಗ ಜನವರಿ 15 ಅನ್ನೋದು ಬಂದದ್ದೂ ಗೊತ್ತಾಗೋದಿಲ್ಲ, ಹೋದದ್ದೂ ಗೊತ್ತಾಗೋದಿಲ್ಲ. ಗೊತ್ತಿರೋದು ಒಂದೇ ಜಾತಿಯ ಜನಕ್ಕೆ. ಮಿಲಿಟರಿಯಿಂದ ಪೆನ್ಶನ್ ತಗೊಂಡು ಊರಿಗೆ ಬಂದವರಿಗೆ. ಅವತ್ತು ಅವರಿಗೆ ಸೇನಾ ದಿನ. ಟ್ರಂಕಿನೊಳಗಿನ ಮೆಡಲು ಹೊರಗೆ ಬರುತ್ತವೆ, ಮೀಸೆಗೆ ಎಣ್ಣೆ ಬೀಳುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲೂಕಿನಲ್ಲಿ ಇಂಥವರು ಕಡಿಮೆ ಇಲ್ಲ. ಬೆಳಗಾವಿ ನಮಗೆ ಹತ್ತಿರ. ಮರಾಠಾ ಪಲ್ಟನ್ನಿನ ಕೇಂದ್ರ 1922ರಿಂದಲೂ ಅಲ್ಲೇ ಇದೆ. ಮೀಸೆ ಚಿಗುರಿತು ಅನ್ನುವಷ್ಟರಲ್ಲಿ ಹುಡುಗರು ಭರ್ತಿಗೆ ಓಡುತ್ತಾರೆ. ಹದಿನೈದು, ಹದಿನೇಳು ವರ್ಷ ಸಿಯಾಚಿನ್ನು, ರಾಜಸ್ಥಾನ, ಅಸ್ಸಾಮು ಅಂತ ತಿರುಗಿ, ಇನ್ನೂ ನಲವತ್ತು ತುಂಬಿರೋದಿಲ್ಲ, ಮನೆಗೆ ಬರುತ್ತಾರೆ. ಬಂದ ಮೇಲೆ ಮುಂದೇನು? ಒಬ್ಬ ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಸೆಕ್ಯೂರಿಟಿ ನಿಲ್ಲುತ್ತಾನೆ. ಒಬ್ಬ ಕಬ್ಬು ಹಚ್ಚುತ್ತಾನೆ. ಒಬ್ಬ ಬಸ್ ಸ್ಟ್ಯಾಂಡ್ ಎದುರು ಚಹಾದಂಗಡಿ ಇಡುತ್ತಾನೆ, ಕೈ ಕೂಡಿ ಬಂದರೆ ಅದೇ ಖಾನಾವಳಿ ಆಗುತ್ತದೆ. ಮೈಸೂರು ಸೀಮೆಯಲ್ಲಿ ಮಾಂಸದ ಊಟ ಹಾಕುವ ಹೋಟೆಲಿಗೆ ಮಿಲಿಟರಿ ಹೋಟೆಲ್ ಅಂತಲೇ ಬೋರ್ಡು. ನಮ್ಮ ಕಡೆ ಅದು ಸಾವಜಿ ಖಾನಾವಳಿ. ಹೆಸರು ಏನೇ ಇರಲಿ, ಗಲ್ಲೆಯ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತವನು ಮಾಜಿ ಸೈನಿಕ ಅಂತ ಒಂದು ನೋಟಕ್ಕೆ ಗುರುತಾಗುತ್ತದೆ.

ಹವಾಲ್ದಾರನಿಗೆ ಬಂದ ಈ ಪ್ರಶ್ನೆ ಒಂದು ಕಾಲಕ್ಕೆ ದೇಶದ ಸೇನಾಪತಿಗೂ ಬಂದಿತ್ತು. 1953ರ ಜನವರಿಯಲ್ಲಿ, 54ರ ಹೊಸ್ತಿಲಿನಲ್ಲಿ. ಆ ಸೇನಾಪತಿ ನಮ್ಮ ಕರ್ನಾಟಕದವರು, ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನವರಿ 15 ಸೇನಾ ದಿನ ಆದದ್ದೇ ಅವರಿಂದ. ಯುದ್ಧದ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು, ಶಾಲೆಯ ಪುಸ್ತಕದಾಗೂ ಬರುತ್ತದೆ. ಪೆನ್ಶನ್ ಬಂದ ಮೇಲೆ 40 ವರ್ಷ ಅವರು ಏನು ಮಾಡಿದರು ಅನ್ನೋದನ್ನು ಕೇಳಿದವರು ಕಡಿಮೆ. ಇವತ್ತು ಅದನ್ನೇ ಹೇಳೋಣ. ಅದಕ್ಕೆ ಮೊದಲು ಹಿಂದಿನದು ಸ್ವಲ್ಪ.

ಹುಟ್ಟಿದ್ದು 1899ರ ಜನವರಿ 28, ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ರೆವಿನ್ಯೂ ಇಲಾಖೆಯಲ್ಲಿ ನೌಕರರು. ಮನೆಯಲ್ಲಿ ಹುಡುಗನನ್ನು ಚಿಮ್ಮ ಅಂತ ಕರೀತಿದ್ರು. ಮಡಿಕೇರಿಯಲ್ಲಿ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ. ಹಿಂದೂಸ್ತಾನದವರನ್ನೂ ರಾಜನ ಕಮಿಷನ್ ಪಡೆದ ಅಧಿಕಾರಿಗಳನ್ನಾಗಿ ಮಾಡಬೇಕೆಂಬ ಕೂಗಿಗೆ ಇಂಗ್ಲಿಷರು ಒಲ್ಲದ ಮನಸ್ಸಿನಿಂದ ಒಪ್ಪಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಶುರು ಮಾಡಿದರು. ಆ ಮೊದಲ ತಂಡದಲ್ಲಿ ಕೊಡಗಿನ ಈ ಹುಡುಗನೂ ಒಬ್ಬ. 1919ರ ಡಿಸೆಂಬರ್‌ನಲ್ಲಿ ಹೆಗಲಿಗೆ ನಕ್ಷತ್ರ ಬಂತು. ಅಲ್ಲಿಂದ ಮೆಸೊಪೊಟೇಮಿಯಾ, ಅಂದ್ರೆ ಇವತ್ತಿನ ಇರಾಕು. ಆಮೇಲೆ ರಜಪೂತ ಪಲ್ಟನ್ನು. ಗೋರಾ ಅಧಿಕಾರಿಗಳ ನಡುವೆ ಒಬ್ಬ ಕರಿಯ ಅಧಿಕಾರಿ. ಮೆಸ್ಸಿನಲ್ಲಿ ಚಮಚ ಹಿಡಿಯುವುದರಿಂದ ಹಿಡಿದು ಪೋಲೋ ಮೈದಾನದ ತನಕ ಎಲ್ಲದರಲ್ಲೂ ಅವರಿಗಿಂತ ಒಂದು ಕೈ ಮೇಲಾಗಿರಬೇಕಾದ ಪರಿಸ್ಥಿತಿ. ಸಾಹೇಬರಿಗೆ ಆ ಇಂಗ್ಲಿಷ್ ಶಿಸ್ತು ಮೈಗೆ ಹತ್ತಿದ್ದು ಆಗ. ಸಾಯುವ ತನಕ ಬಿಡಲಿಲ್ಲ. ಮನೆಯ ಊಟದ ಮೇಜಿಗೂ ಕೋಟು ಟೈ ಇಲ್ಲದೆ ಕೂಡುತ್ತಿರಲಿಲ್ಲ ಅಂತ ಹೇಳುವವರಿದ್ದಾರೆ.

1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ. 1942ರಲ್ಲಿ ಒಂದು ಬಟಾಲಿಯನ್ನಿನ ಮುಖ್ಯಸ್ಥನಾದ ಮೊದಲ ಭಾರತೀಯ. ಹಿಂಗೆ ಮೊದಲ, ಮೊದಲ ಅಂತ ಬರೆಯುತ್ತಾ ಹೋದರೆ ಅಂಕಣವೆಲ್ಲ ಅದರಲ್ಲೇ ಮುಗಿಯುತ್ತದೆ. 1946ರಲ್ಲಿ ವಾಯವ್ಯ ಗಡಿಯ ಬನ್ನುವಿನಲ್ಲಿ ಬ್ರಿಗೇಡಿಯರ್ ಆಗಿದ್ದಾಗ ಅವರ ಕೈಕೆಳಗೆ ಆಯೂಬ್ ಖಾನ್ ಎಂಬ ಪಠಾಣ ಕರ್ನಲ್ ಇದ್ದ. ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತಾನೆ.

ದೇಶ ಎರಡು ಹೋಳಾಯಿತು. ಮನೆ ಪಾಲಾಗುವಾಗ ತಾಟು, ತಂಬಿಗೆ ಎಣಿಸುತ್ತಾರಲ್ಲ, ಹಂಗೆ ಪಲ್ಟನ್ನು, ತೋಪು, ಲಾರಿ, ಬ್ಯಾಂಡಿನ ವಾದ್ಯ ಎಲ್ಲ ಎಣಿಸಿ ಹಂಚಬೇಕಾಯಿತು. ಆ ಪಾಲಿನ ಕೆಲಸದಲ್ಲಿ ಹಿಂದೂಸ್ತಾನದ ಕಡೆಯಿಂದ ಕೂತವರಲ್ಲಿ ಕಾರ್ಯಪ್ಪನವರೂ ಒಬ್ಬರು. ನಿನ್ನೆ ತನಕ ಒಂದೇ ಮೆಸ್ಸಿನಲ್ಲಿ ಉಂಡವರು ಮೇಜಿನ ಆಚೆ ಈಚೆ ಕೂತು ಲೆಕ್ಕ ಮಾಡಿದರು.

1948ರ ಜನವರಿಯಲ್ಲಿ ಪಶ್ಚಿಮದ ಸೈನ್ಯದ ಹೊಣೆ ಅವರ ಹೆಗಲಿಗೆ ಬಂತು. ಕಾಶ್ಮೀರದಲ್ಲಿ ಲಡಾಯಿ ನಡೆದಿತ್ತು. ಅದೇ ಹೊತ್ತಿಗೆ ನಮ್ಮ ಭಾಗದಲ್ಲೂ ಚರಿತ್ರೆ ಹೊರಳುತ್ತಿತ್ತು. 1948ರ ಮಾರ್ಚ್ 8ಕ್ಕೆ ಜಮಖಂಡಿಯ ಪಟವರ್ಧನರ ಸಂಸ್ಥಾನ, ಮುಧೋಳದ ಘೋರ್ಪಡೆಯವರ ಸಂಸ್ಥಾನ ಎರಡೂ ಒಂದು ಗುಂಡೂ ಹಾರದೆ ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಇಲ್ಲಿ ರಾಜರು ಸಹಿ ಮಾಡಿ ಅರಮನೆಗೆ ಹೋದರು. ಅಲ್ಲಿ ಕಾಶ್ಮೀರದ ರಾಜ ಸಹಿ ಹಾಕುವುದು ತಡವಾಗಿ, ಅಷ್ಟರಲ್ಲಿ ದಾಳಿಕೋರರು ಬಾರಾಮುಲ್ಲಾದ ತನಕ ನುಗ್ಗಿದ್ದರು.

ಬಾರಾಮುಲ್ಲಾದ ಕಡೆಯ ಒಂದು ಪ್ರಸಂಗ ಹೇಳಬೇಕು. ಜೀಪಿನಲ್ಲಿ ಹೊರಟಿದ್ದ ಕಾರ್ಯಪ್ಪನವರನ್ನು ಜನ ಸುತ್ತುಗಟ್ಟಿದರು. ಇನ್ನು ಹೆದರಬೇಡಿ ಅಂತ ಇವರು ಧೈರ್ಯ ಹೇಳಿದರೆ, ಧೈರ್ಯ ಆಮೇಲೆ, ಹೊಟ್ಟೆಗೆ ಕೂಳಿಲ್ಲದೆ ಎಷ್ಟೋ ದಿನ ಆಯಿತು ಅಂತ ಅವರು ಅಂದರು. ಸಾಹೇಬರು ಮಾತು ಕೊಟ್ಟು ಹೋದವರು ಹಿಟ್ಟು, ಅಕ್ಕಿ, ಬೇಳೆ ಹೇರಿಸಿಕೊಂಡು ತಿರುಗಿ ಬಂದರು. ಆ ಊರಿನಲ್ಲಿ ಕಾರ್ಯಪ್ಪ ಪಾರ್ಕು ಅಂತ ಹೆಸರು ಬಂದದ್ದು ಈ ಕಾರಣಕ್ಕೆ. ಗೆದ್ದ ಗುಡ್ಡಕ್ಕಲ್ಲ, ಕೊಟ್ಟ ಅನ್ನಕ್ಕೆ.

ಗುಡ್ಡಗಳನ್ನೂ ಗೆದ್ದರು, ಅದೂ ಹೌದು. 1948ರ ನವೆಂಬರ್ 1ರಂದು 11,000 ಅಡಿಗೂ ಮೇಲಿರುವ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆ ಅಂತ ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ದಾರಿ ತೆರೆಯಿತು, ಲೇಹ್ ಉಳಿಯಿತು. ಅಲ್ಲಿ ಮುಂದೆ ನಿಂತು ಕಾದಾಡಿಸಿದವರು ಕೊಡಂದೇರ ತಿಮ್ಮಯ್ಯ, ಮೇಲೆ ನಿಂತು ನಡೆಸಿದವರು ಕೊಡಂದೇರ ಕಾರ್ಯಪ್ಪ. ಒಂದೇ ಮನೆತನದ ಹೆಸರು. ಲಡಾಖಿನ ಹಿಮದಲ್ಲಿ ಕೊಡಗಿನ ಕಾಫಿಯ ಘಮ ಬಂದಿತ್ತು ಅಂದರೆ ತಪ್ಪಿಲ್ಲ.

1949ರ ಜನವರಿ 15ಕ್ಕೆ ಕೊನೆಯ ಇಂಗ್ಲಿಷ್ ಸೇನಾಪತಿ ಜನರಲ್ ರಾಯ್ ಬುಚರ್ ಕೈಯಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ಭಾರತದ ಸೈನ್ಯಕ್ಕೆ ಭಾರತದವನೇ ದಂಡನಾಯಕ. ಅವರ ಹಿಂದೂಸ್ತಾನಿ ಮಾತ್ರ ನಮ್ಮಂತೆಯೇ ಅಷ್ಟಕ್ಕಷ್ಟೇ. ದೇಶ ಸ್ವತಂತ್ರವಾಯಿತು ಅನ್ನುವುದಕ್ಕೆ ದೇಶವೂ ಮುಫ್ತ್, ನಾವೂ ಮುಫ್ತ್ ಅಂದುಬಿಟ್ಟರು, ಜವಾನರು ನಗು ತಡೆಯಲಾರದೆ ಒದ್ದಾಡಿದರು ಅಂತ ಒಂದು ಕಥೆ ಇದೆ. ನಿಜವೋ ಕಟ್ಟಿದ್ದೋ, ಹಳೆಯ ಸೈನಿಕರು ಪ್ರೀತಿಯಿಂದ ಹೇಳುತ್ತಾರೆ.

ನಾಲ್ಕು ವರ್ಷ ಕಳೆದು 1953ರ ಜನವರಿ 14ಕ್ಕೆ ನಿವೃತ್ತಿ.

ಈಗ ನಮ್ಮ ವಿಷಯಕ್ಕೆ ಬಂದೆವು. ಸೇನಾಪತಿ ಮನೆಗೆ ಬಂದ. ಮುಂದೇನು? ಆ ಕಾಲಕ್ಕೆ ಇದು ಒಬ್ಬ ಮನುಷ್ಯನ ಹೊಟ್ಟೆಪಾಡಿನ ಪ್ರಶ್ನೆ ಅಲ್ಲ, ದೇಶದ ಪ್ರಶ್ನೆ. ಹೊಸದಾಗಿ ಸ್ವತಂತ್ರವಾದ ಎಷ್ಟೋ ದೇಶಗಳಲ್ಲಿ ಜನರಲ್ಲುಗಳು ಒಂದು ಬೆಳಗ್ಗೆ ರೇಡಿಯೋ ಸ್ಟೇಷನ್ನು ಹಿಡಿದು ತಾವೇ ರಾಜರಾದರು. ಕಾರ್ಯಪ್ಪನವರಿಗೆ ಜನಪ್ರಿಯತೆ ಇತ್ತು, ಭಾಷಣದ ಹುಮ್ಮಸ್ಸೂ ಇತ್ತು. ಸೇನಾಪತಿಯಾಗಿದ್ದಾಗಲೇ ಎಲ್ಲೆಂದರಲ್ಲಿ ದೇಶ ಹೀಗೆ ನಡೆಯಬೇಕು, ಹಾಗೆ ನಡೆಯಬೇಕು ಅಂತ ಮಾತಾಡುತ್ತಿದ್ದರು. ಅದಕ್ಕೂ ಮೊದಲು, 1947ರಲ್ಲಿ, ಲಂಡನ್ನಿನಲ್ಲಿ ಅಹಿಂಸೆಯಿಂದ ದೇಶ ಕಾಯಲಾಗದು ಎಂಬ ಅರ್ಥದ ಮಾತಾಡಿ ಗಾಂಧೀಜಿಯವರಿಂದ ಹರಿಜನ ಪತ್ರಿಕೆಯಲ್ಲಿ ಟೀಕೆ ತಿಂದಿದ್ದರು. ಆಮೇಲೆ ತಾವೇ ಹೋಗಿ ಗಾಂಧೀಜಿಯವರನ್ನು ಕಂಡರು. ಸೈನಿಕನಿಗೆ ಅಹಿಂಸೆಯನ್ನು ಹೆಂಗ ಕಲಿಸಲಿ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಇನ್ನೂ ಯಾರಿಗೂ ಪೂರ್ತಿ ಸಿಕ್ಕಿಲ್ಲ, ಬಿಡಿ.

ಭಾಷಣ, ಪತ್ರಿಕಾಗೋಷ್ಠಿ ಕಡಿಮೆ ಮಾಡಿ ಅಂತ ನೆಹರೂ ಅವರು ಬರೆದೇ ತಿಳಿಸಿದ್ದುಂಟು. ನಿವೃತ್ತಿಯಾದ ಮೇಲೆ ಅದೇ ನೆಹರೂ ಅವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈ ಕಮಿಷನರ್ ಮಾಡಿ ಕಳಿಸಿದರು. ಕಾಮನ್‌ವೆಲ್ತ್ ದೇಶಗಳಲ್ಲಿ ರಾಯಭಾರಿಗೆ ಇರುವ ಹೆಸರು ಅದು. ಗೌರವದ ಹುದ್ದೆ ಹೌದು. ದೂರ ಇಡುವ ಉಪಾಯವೂ ಹೌದು ಅಂತ ತಿಳಿದವರು ಬರೆದಿದ್ದಾರೆ. ನಮ್ಮ ಊರಿನ ಲೆಕ್ಕದಲ್ಲಿ ಹೇಳಬೇಕಂದ್ರೆ, ಜಾಸ್ತಿ ಮಾತಾಡುವ ದೊಡ್ಡ ಮಗನನ್ನು ತಾಲೂಕು ಕಚೇರಿ ಕೆಲಸಕ್ಕೆ ಅಂತ ಊರ ಹೊರಗೆ ಕಳಿಸಿದಂತೆ.

ಕ್ಯಾನ್‌ಬೆರಾಕ್ಕೆ ಹೋದ ಸಾಹೇಬರು ಅಲ್ಲಾದರೂ ಸುಮ್ಮನಿದ್ದರೇ? ರಾಯಭಾರಿಗಳೆಂದರೆ ನಗುತ್ತಾ ಔತಣ ಉಂಡು, ನಗುತ್ತಾ ಕೈ ಕುಲುಕಿ, ಏನೂ ಹೇಳದೆ ಬರುವವರು. ಇವರಿಗೆ ಅದು ಒಗ್ಗಲಿಲ್ಲ. ಆ ಕಾಲದ ಆಸ್ಟ್ರೇಲಿಯಾದಲ್ಲಿ ಬಿಳಿಯರಲ್ಲದವರು ಬಂದು ನೆಲೆಸುವಂತಿರಲಿಲ್ಲ. 1901ರ ಕಾಯಿದೆ ಅದು. ಬೇಡವಾದವರು ಬಂದರೆ ಯಾವುದೋ ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಬರೆಸುವುದು, ತಪ್ಪಿದರೆ ಬಂದ ಹಡಗಿನಲ್ಲೇ ವಾಪಸು ಕಳಿಸುವುದು. ಹೆಂಗಿದೆ ಉಪಾಯ? ಎರಡೂ ಮಹಾಯುದ್ಧಗಳಲ್ಲಿ ಭಾರತದ ಜವಾನನೂ ಆಸ್ಟ್ರೇಲಿಯಾದ ಜವಾನನೂ ಒಂದೇ ಕಡೆ ನಿಂತು ಕಾದಿದ್ದರು. ಸಾಯುವುದಕ್ಕೆ ಬೇಕಾದವನು ಬದುಕುವುದಕ್ಕೆ ಬೇಡವಾದ. ಕಾರ್ಯಪ್ಪನವರು ಇದನ್ನು ಅಲ್ಲಿನ ಸಭೆಗಳಲ್ಲೇ ಎತ್ತಿ ಆಡಿದರು. ಹಿಂಗೇ ನಡೆದರೆ ಏಷ್ಯಾದ ಜನರ ಸ್ನೇಹ ಕಳಕೊಳ್ಳುತ್ತೀರಿ ಎಂಬ ಧಾಟಿಯಲ್ಲಿ ಎಚ್ಚರಿಸಿದರು. ಅಲ್ಲಿನ ಪತ್ರಿಕೆಗಳು ಭುಗಿಲೆದ್ದವು. ಪರದೇಶದ ಪ್ರತಿನಿಧಿ ನಮ್ಮ ಮನೆಯ ವಿಚಾರ ಆಡಬಹುದೇ ಅಂತ ಗದ್ದಲ.

ರಾಯಭಾರದ ಪುಸ್ತಕ ತೆಗೆದು ನೋಡಿದರೆ ಸಾಹೇಬರು ಮಾಡಿದ್ದು ತಪ್ಪೇ ಇರಬಹುದು. ಆದರೆ ಉಕ್ತಲೇಖನದ ಆ ಪರೀಕ್ಷೆಯನ್ನು ಆಸ್ಟ್ರೇಲಿಯಾ 1958ರಲ್ಲಿ ತೆಗೆದುಹಾಕಿತು, 1973ಕ್ಕೆ ಬಣ್ಣ ನೋಡುವ ನೀತಿಯೇ ಹೋಯಿತು. ಇವರೊಬ್ಬರ ಮಾತಿನಿಂದ ಹೋಯಿತು ಅಂತ ನಾವು ಹೇಳೋದಿಲ್ಲ. ಮುಖದ ಮೇಲೆ ಹೇಳಿದವರಲ್ಲಿ ಇವರೂ ಒಬ್ಬರು, ಅಷ್ಟೇ. ಇವತ್ತು ನಮ್ಮ ಕಡೆಯ ಹುಡುಗರೂ ಮೆಲ್ಬೋರ್ನು, ಸಿಡ್ನಿ ಅಂತ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲಿ ಯಾರಿಗೂ ಉಕ್ತಲೇಖನ ಬರೆಸುತ್ತಿಲ್ಲ.

1956ರಲ್ಲಿ ಊರಿಗೆ ಬಂದರು. ಮಡಿಕೇರಿಯಲ್ಲಿ ರೋಷನಾರಾ ಎಂಬ ಮನೆ. ಸುತ್ತ ಗಿಡಮರ. ಅಲ್ಲಿ ಕೂತು ತೋಟ ನೋಡಿಕೊಂಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಕೂಡಲಿಲ್ಲ. 1964ರಲ್ಲಿ ಭಾರತದ ಮಾಜಿ ಸೈನಿಕರ ಒಕ್ಕೂಟವನ್ನು, ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಎಂಬುದನ್ನು ಕಟ್ಟಿದರು. ಇದು ಅವರ ಜೀವನದ ದೊಡ್ಡ ಕೆಲಸಗಳಲ್ಲಿ ಒಂದು ಅಂತ ಈ ಬರಹಗಾರನ ಅಭಿಪ್ರಾಯ. ಜೋಜಿಲಾಕ್ಕೂ ಕಡಿಮೆ ಅಲ್ಲ. ಯಾಕಂದ್ರೆ ಯುದ್ಧದಲ್ಲಿ ಜವಾನನ ಹಿಂದೆ ಸರಕಾರ ಇರುತ್ತದೆ, ಜೈಕಾರ ಇರುತ್ತದೆ. ಪೆನ್ಶನ್ ಕಾಗದ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತಾಗ ಯಾರಿರುತ್ತಾರೆ? ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ವಿಧವೆಯೊಬ್ಬಳು ವರ್ಷಗಟ್ಟಲೆ ಅಲೆಯುವುದು ಎಲ್ಲ ಜಿಲ್ಲೆಯಲ್ಲೂ ಇರುವ ಕಥೆ. ಸೇನಾಪತಿಯಾಗಿದ್ದವನು ಇಂಥವರ ಪರವಾಗಿ ದೊಡ್ಡವರ ಬಾಗಿಲು ತಟ್ಟುತ್ತಿದ್ದ. ತನಗಾಗಿ ಅಲ್ಲ.

ಮರುವರ್ಷವೇ ಪರೀಕ್ಷೆ ಬಂತು. 1965ರ ಲಡಾಯಿ. ಆಗ ಪಾಕಿಸ್ತಾನದ ಅಧ್ಯಕ್ಷ ಯಾರು? ಹಿಂದೆ ಬನ್ನುವಿನಲ್ಲಿ ಇವರ ಕೈಕೆಳಗೆ ಇದ್ದ ಅದೇ ಆಯೂಬ್ ಖಾನ್, ಈಗ ಫೀಲ್ಡ್ ಮಾರ್ಷಲ್. ಕಾರ್ಯಪ್ಪನವರ ಒಬ್ಬನೇ ಮಗ ನಂದಾ ಕಾರ್ಯಪ್ಪ ವಾಯುಸೇನೆಯಲ್ಲಿ ಹಂಟರ್ ವಿಮಾನ ಹಾರಿಸುತ್ತಿದ್ದರು. ಸೆಪ್ಟೆಂಬರ್ 22, ಕದನ ನಿಲ್ಲಲು ಇನ್ನು ಕೆಲವೇ ತಾಸು. ವಿಮಾನಕ್ಕೆ ಗುಂಡು ತಾಗಿತು. ಹೊರಗೆ ಜಿಗಿದವರು ಬೆನ್ನುಮೂಳೆಗೆ ಪೆಟ್ಟು ಬಿದ್ದು ಆಚೆಯವರ ಕೈಗೆ ಸಿಕ್ಕರು.

ಹೆಸರು ಕೇಳಿದ ಕೂಡಲೇ ಆಯೂಬ್ ಖಾನರಿಗೆ ಯಾರ ಮಗ ಅಂತ ಗೊತ್ತಾಯಿತು. ದಿಲ್ಲಿಯಲ್ಲಿದ್ದ ತಮ್ಮ ಹೈ ಕಮಿಷನರ್ ಮೂಲಕ ಹೇಳಿ ಕಳಿಸಿದರು. ಮಗ ಸುರಕ್ಷಿತವಾಗಿದ್ದಾನೆ, ಬೇಕಾದರೆ ಬಿಟ್ಟು ಕಳಿಸುತ್ತೇವೆ ಎಂಬ ಅರ್ಥದ ಸಂದೇಶ. ಓದುಗ ಬಂಧುಗಳೇ, ಇಲ್ಲಿ ಒಂದು ಗಳಿಗೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ. ನಾವು ನೀವು ಏನು ಮಾಡುತ್ತಿದ್ದೆವು? ಕಾರ್ಯಪ್ಪನವರು ಬೇಡ ಅಂದರು. ಸೆರೆಸಿಕ್ಕ ಪ್ರತಿಯೊಬ್ಬನೂ ತನ್ನ ಮಗನೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ನಂದಾನಿಗೆ ಅಂತ ಬೇರೆ ಉಪಚಾರ ಬೇಡ ಎಂದು ತಿಳಿಸಿದರು. ಆಸ್ಪತ್ರೆಯಲ್ಲಿದ್ದ ಹುಡುಗನನ್ನು ನೋಡಲು ಆಯೂಬರ ಹೆಂಡತಿ, ಮಗ ಹೋದರು. ಸಿಗರೇಟಿನ ಪೆಟ್ಟಿಗೆ, ಓದಲು ವೋಡ್‌ಹೌಸನ ಒಂದು ಕಾದಂಬರಿ ಕೊಟ್ಟು ಬಂದರು. ಬನ್ನುವಿನ ಮೆಸ್ಸಿನ ಋಣ ಆ ಕಡೆಯವರೂ ಮರೆತಿರಲಿಲ್ಲ. ಉಳಿದವರ ಸಂಗಡವೇ 1966ರ ಜನವರಿಯಲ್ಲಿ ನಂದಾ ಮನೆಗೆ ಬಂದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಮಗ ಒಳಗಿದ್ದ ಆ ದಿನಗಳಲ್ಲಿ ತಂದೆ ಗಡಿಗೆ ಹೋಗಿ ಬೇರೆಯವರ ಮಕ್ಕಳನ್ನು, ಅಂದ್ರೆ ಜವಾನರನ್ನು, ಮಾತಾಡಿಸಿ ಬಂದರು.

ಎಲ್ಲವೂ ಹೊಗಳುವಂಥದ್ದೇ ಇತ್ತು ಅಂತ ಬರೆದರೆ ಅದು ಜಾತ್ರೆಯ ಪದವಾದೀತು, ಪತ್ರಿಕೆಯ ಬರಹವಾಗೋದಿಲ್ಲ. ರಾಜಕಾರಣದಲ್ಲಿ ಸಾಹೇಬರ ಲೆಕ್ಕ ತಪ್ಪಿತು. ಪುಢಾರಿಗಳ ಮೇಲೆ ಅವರಿಗೆ ಸಿಟ್ಟು. ಆ ಸಿಟ್ಟಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಬರಲಿ, ಸೈನ್ಯದ ಶಿಸ್ತು ಬರಲಿ, ವೋಟಿನ ಹಕ್ಕು ಎಲ್ಲರಿಗೂ ಯಾಕೆ ಎಂಬ ತನಕ ಮಾತಾಡಿದರು. ಇದನ್ನು ನಾವು ಒಪ್ಪೋದಿಲ್ಲ. ನಮ್ಮ ಹೊಲದಾಗಿನ ಆಳಿನ ವೋಟಿಗೂ ಜನರಲ್ ಸಾಹೇಬರ ವೋಟಿಗೂ ತೂಕ ಒಂದೇ. ಆ ಪಾಠವನ್ನು ವೋಟಿನ ಪೆಟ್ಟಿಗೆಯೇ ಅವರಿಗೆ ಹೇಳಿತು. 1971ರ ಲೋಕಸಭೆ ಚುನಾವಣೆಗೆ ಮುಂಬಯಿಯ ಈಶಾನ್ಯ ಕ್ಷೇತ್ರದಿಂದ ಶಿವಸೇನೆಯ ಬೆಂಬಲ ತಗೊಂಡು ಪಕ್ಷೇತರರಾಗಿ ನಿಂತರು. ಸೋತರು. ಕನ್ನಡದವರ ಮೇಲೆ ಆ ಪಕ್ಷಕ್ಕೆ ಆಗ ಇದ್ದ ಧೋರಣೆ ಗೊತ್ತಿರುವ ಗಡಿಭಾಗದ ನಮಗೆ ಈ ನಂಟು ಇನ್ನೂ ಸೋಜಿಗ. ಒಂದು ಮಾತು ಮಾತ್ರ ಒಪ್ಪಬೇಕು. ಅಧಿಕಾರ ಕೈಯಲ್ಲಿದ್ದಾಗ ಸೈನ್ಯವನ್ನು ದಿಲ್ಲಿಯ ಕುರ್ಚಿಯ ಕಡೆ ತಿರುಗಿಸಲಿಲ್ಲ. ಆಸೆಯಾದಾಗ ಎಲ್ಲರಂತೆ ಅರ್ಜಿ ತುಂಬಿದರು, ಡಿಪಾಸಿಟ್ ಕಟ್ಟಿದರು, ಸೋತು ಮಡಿಕೇರಿ ಗಾಡಿ ಹತ್ತಿದರು. ಅದೇ ಬನ್ನುವಿನಿಂದ ಹೊರಟ ಇನ್ನೊಬ್ಬ 1958ರಲ್ಲಿ ದೇಶವನ್ನೇ ಹಿಡಿದು ಕೂತ.

1986ರಲ್ಲಿ, 87ನೇ ವಯಸ್ಸಿನಲ್ಲಿ, ಸರಕಾರಕ್ಕೆ ನೆನಪಾಯಿತು. ಏಪ್ರಿಲ್ 28ಕ್ಕೆ ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿ. ಮಾಣೆಕ್ ಷಾ ಅವರಿಗೆ 1973ರಲ್ಲೇ ಸಿಕ್ಕಿತ್ತು. ಇಬ್ಬರನ್ನು ಬಿಟ್ಟರೆ ಭಾರತದ ಸೈನ್ಯದಲ್ಲಿ ಮೂರನೆಯವರಿಲ್ಲ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅನ್ನೋದೇ ಇಲ್ಲ, ಸಾಯುವ ತನಕ ಸೈನಿಕ. ಅಂದ್ರೆ 33 ವರ್ಷ ಪೆನ್ಶನ್ ಉಂಡ ಮನುಷ್ಯ ಮತ್ತೆ ನೌಕರಿಗೆ ಹಾಜರಾದಂತಾಯಿತು!

1993ರ ಮೇ 15ರಂದು ಬೆಂಗಳೂರಿನಲ್ಲಿ ಮಲಗಿದಲ್ಲೇ ಜೀವ ಹೋಯಿತು. ವಯಸ್ಸು 94. ದಹನ ಮಡಿಕೇರಿಯಲ್ಲಿ. ಮೂರೂ ಸೇನೆಗಳ ಮುಖ್ಯಸ್ಥರು ಬಂದರು. ಮಾಣೆಕ್ ಷಾ ಬಂದು ನಿಂತು ಸಲಾಮು ಹೊಡೆದರು. ಮಗ ನಂದಾ ಬೆಂಕಿ ಇಟ್ಟರು.

2017ರ ನವೆಂಬರಿನಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಗೋಣಿಕೊಪ್ಪಲಿಗೆ ಬಂದು ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆ ತೆರೆದು, ಕಾರ್ಯಪ್ಪನವರಿಗೆ ಭಾರತರತ್ನ ಕೊಡಬೇಕೆಂಬ ಮಾತು ಎತ್ತಿದರು. 2023ರ ಜನವರಿ 15ಕ್ಕೆ ಸೇನಾ ದಿನದ ಕವಾಯತು ಮೊದಲ ಸಲ ದಿಲ್ಲಿ ಬಿಟ್ಟು ಹೊರಗೆ ನಡೆಯಿತು. ಬೆಂಗಳೂರಿನಲ್ಲಿ. ಸಾಹೇಬರ ನಾಡು ಅಂತಲೇ ಅದನ್ನು ಇಲ್ಲಿಗೆ ತಂದರು ಅಂತ ನಾವು ಅಭಿಮಾನಪಡುವುದಕ್ಕೆ ಅಡ್ಡಿ ಇಲ್ಲ.

ಅಷ್ಟರಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಾತು ಬೇರೆ ಆಗಿದೆ. ಒಂದೇ ದರ್ಜೆ ಒಂದೇ ಪೆನ್ಶನ್ ಅಂತ ದಶಕಗಟ್ಟಲೆ ಹೋರಾಡಿದ ಮೇಲೆ 2015ರಲ್ಲಿ ಸರಕಾರ ಒಪ್ಪಿತು. ಲೆಕ್ಕದ ತಕರಾರು ಅಲ್ಲಿಗೂ ಮುಗಿಯಲಿಲ್ಲ. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ನೌಕರಿ, ನೂರಕ್ಕೆ ಇಪ್ಪತ್ತೈದು ಹುಡುಗರು ಮಾತ್ರ ಮುಂದಕ್ಕೆ, ಉಳಿದವರು ಒಂದಿಷ್ಟು ಇಡಿಗಂಟು ಹಿಡಿದು ಪೆನ್ಶನ್ ಇಲ್ಲದೆ ಮನೆಗೆ. ನಲವತ್ತಕ್ಕೆ ಬಂದವನು ಏನು ಮಾಡಬೇಕು ಅನ್ನೋ ಪ್ರಶ್ನೆಯೇ ಇನ್ನೂ ಬಗೆಹರಿದಿಲ್ಲ, ಇನ್ನು ಇಪ್ಪತ್ತೆರಡು, ಇಪ್ಪತ್ತೈದಕ್ಕೆ ಬಂದವನು? ಬನಹಟ್ಟಿಯ ಮಗ್ಗ ಮೊದಲೇ ಸೊರಗಿದೆ. ಖಾನಾವಳಿಯಂತೂ ಓಣಿಗೆ ಎರಡಿವೆ.

ಸಾಹೇಬರು 1964ರಲ್ಲಿ ಕಟ್ಟಿದ ಒಕ್ಕೂಟ ಈಗಲೂ ಇದೆ. ಈ ಸಲ ಜನವರಿ 15ಕ್ಕೆ ಮೆಡಲು ಹಚ್ಚಿಕೊಂಡು ಬಂದವರು ಚಹಾ ಕುಡಿಯುತ್ತಾ ಆಡಿದ್ದು ಈ ಹುಡುಗರ ವಿಚಾರವನ್ನೇ.